ಫ್ರೇಮಿಗೊಂದು ಫೋಟೋ

ದೂರದಿಂದಲೇ ಫೋಟೋ ತೆಗೆಯುವ ಗುಂಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಯಶ್ಮಿತಾ, ಸೋಫಾದಲ್ಲಿ ಅತ್ತಿಗೆ, ಮಕ್ಕಳ ಜೊತೆ ಕೂತಿದ್ದ ಅಣ್ಣನ ಪಕ್ಕ ಕೂತಳು. ಹಾಳಾದ ಇಯರ್‌ಫೋನಿನ ವಯರಿಗೆ ಕಾಲಿಂಗ್ ಬೆಲ್ಲಿನ ಸ್ವಿಚ್ ಜೋಡಿಸಿ ಅವಳೇ ಮಾಡಿದ್ದು. ವಯರಿನ ಇನ್ನೊಂದು ತುದಿ ಎದುರಿನ ಸ್ಟ್ಯಾಂಡಿನ ಮೇಲಿದ್ದ ಕ್ಯಾಮರಾದಲ್ಲಿತ್ತು. ತನ್ನ ಮಕ್ಕಳನ್ನು ನೋಡಿಕೊಳ್ಳಲು ಅಣ್ಣ ಅವಳನ್ನು ಶಾಲೆ ಬಿಡಿಸಿ ಗಲ್ಫಿನ ಸುವೈಕಿಗೆ ಕರೆಸಿಕೊಂಡ ಮೇಲೆ ಈ ಮನೆಯ ಫೋಟೋಗಳನ್ನೆಲ್ಲ ತೆಗೆದವಳು ಅವಳೇ. ಒಂದರಲ್ಲೂ ಅವಳಿರಲಿಲ್ಲ.

"ಎಂತದು ಮಾರಾಯ್ತಿ ಕೈಯಲ್ಲಿ, ಬಾಂಬಾ?" ಎಂದ ಅಣ್ಣ ಕೀರ್ತನ್. ಮಕ್ಕಳಿಬ್ಬರೂ ಕಿಸಕ್ಕನೆ ನಕ್ಕರು. ಅದೇ ಹೊತ್ತಿಗೆ ಅವಳು ಗುಂಡಿ ಒತ್ತಿದಳು. ಅಲ್ಲಿ ಕ್ಯಾಮರಾ ಟಿಕ್ ಎಂದಿತು.

ಎಲ್ಲರೂ ಎದ್ದು ಬಂದು ಕ್ಯಾಮರಾದ ಪರದೆ ನೋಡಿದರು. ಐದು ಮುಖಗಳಿದ್ದವು. ತನ್ನ ಮುಖವನ್ನು ಅವಳು ಬೇರೆ ಯಾರದೋ ಎಂಬಂತೆ ನೋಡಿದಳು.

"ಭಾರೀ ಲಾಯ್ಕ ಬಂದಿದೆ ನೋಡು," ಎಂದು ಅತ್ತಿಗೆ ಪ್ರಣೀತಾ ಅವಳ ಬೆನ್ನು ತಟ್ಟಿದಳು. "ಇನ್ನೊಂದು ನಮ್ಮ ಫ್ಯಾಮಿಲಿದು ಮಾತ್ರ ತೆಗಿ ಆಯ್ತಾ, ಫ್ರೇಮ್ ಹಾಕಿಸ್ಲಿಕ್ಕೆ."

"ಆಯ್ತು ಅತ್ತಿಗೆ."

ನಾಲ್ವರೂ ಹೋಗಿ ಮೊದಲಿನ ಹಾಗೆಯೇ ಕೂತರು. ಯಶ್ಮಿತಾ ವಯರನ್ನು ಕಿತ್ತು ಪಕ್ಕಕ್ಕಿಟ್ಟು, ಕ್ಯಾಮರಾದ ಗುಂಡಿಯ ಮೇಲೆಯೇ ಬೆರಳಿಟ್ಟು, ಒಳಗೆ ಇಣುಕಿದಳು.

"ಅಣ್ಣ, ಸ್ವಲ್ಪ ಈಚೆ ಸರಿ," ಎಂದಳು. "ನಿನ್ನ ಬದಿಯಲ್ಲಿ ಜಾಗ ಖಾಲಿ ಕಾಣ್ತದೆ."