ಎರವಲು ಎದೆಬಡಿತ

‘ನಿನ್ನೆ ಮಧ್ಯಾಹ್ನ ನಿನ್ನ ಎದೆ ಯಾಕೆ ಹಾಗೆ ಕುಣೀತು?’

ಭಾವ ಫೋನಿನಿಂದ ಕಣ್ಣೆತ್ತದೆ ಕೇಳಿದರು. ಗಿರಗಿಟ್ಲೆಯ ಬಾಯಿಗೆ ಹೊರಟಿದ್ದ ತುತ್ತು ದಾರಿಯಲ್ಲೇ ನಿಂತಿತು.

‘ಏರು ರಸ್ತೆಲಿ ಓಡ್ದೆ, ಭಾವ.’

‘ಕಾಲು ಒಂದು ಹೆಜ್ಜೆನೂ ಇಟ್ಟಿಲ್ಲ. ಎದೆ ಮಾತ್ರ ಏರು ಹತ್ತಿದೆ.’

‘ನಾಯಿ ಬಂತು. ಅಲ್ಲಾಡದೆ ನಿಂತುಬಿಟ್ಟೆ.’

ಭಾವ ‘ಹೂಂ’ ಎಂದರು. ಆ ‘ಹೂಂ’ಗೆ ನಾಯಿಗಿಂತ ಹಲ್ಲು ಜಾಸ್ತಿ.

ಟ್ರ್ಯಾಕಿನ ಸುತ್ತ ಸುತ್ತಿ ಸುತ್ತಿಯೇ ಅವಳಿಗೆ ಗಿರಗಿಟ್ಲೆ ಎಂಬ ಹೆಸರು ಬಿದ್ದದ್ದು. ಅಮ್ಮ ಹೋದ ಮೇಲೆ ಅಕ್ಕನ ಮನೆಯೇ ಮನೆ; ಅಕ್ಕನ ಗಂಡನೇ ಓಟದ ಕೋಚ್. ಭಾವ ಕಟ್ಟಿದ ಸೆನ್ಸರ್ ಪಟ್ಟಿ ಅವಳ ಬಡಿತ, ಉಸಿರು, ಹೆಜ್ಜೆ, ನಿದ್ದೆ ಎಲ್ಲವನ್ನೂ ಅವರ ಫೋನಿಗೆ ಚಾಡಿ ಹೇಳುತ್ತಿತ್ತು. ಕಟ್ಟಿದ್ದು ತೋಳಿಗೆ, ಬಿಗಿದದ್ದು ಕುತ್ತಿಗೆಗೆ. ಓಟಗಾರ್ತಿಗೆ ಊರೆಲ್ಲ ದಾರಿ. ಓಡಿಹೋಗಲು ಮಾತ್ರ ದಾರಿಯಿಲ್ಲ.

ನಿಜ ಏನೆಂದರೆ, ನಿನ್ನೆ ಮಧ್ಯಾಹ್ನ ಅವಳು ಡಬ್ಬಿಂಗ್ ಸ್ಟುಡಿಯೊ ಒಂದರ ಕಿಟಕಿಯಿಲ್ಲದ ಕೋಣೆಯಲ್ಲಿ ಹಂದಿಮರಿಯಾಗಿದ್ದಳು. ಮಕ್ಕಳ ಕಾರ್ಟೂನು, ತೋಳ ಅಟ್ಟಿಸಿಕೊಂಡು ಬರುವ ದೃಶ್ಯ. ಮೈಕಿನ ಮುಂದೆ ನಿಂತಲ್ಲೇ ನಿಂತು ಜೀವ ಹೋಗುವಂತೆ ಕಿರುಚಿದ್ದಳು. ಕಪ್ಪೆ, ಕತ್ತೆ, ಜಗಳಗಂಟಿ ಮುದುಕಿ, ಯಾರ ಗಂಟಲಾದರೂ ಅವಳಿಗೆ ಬಾಡಿಗೆಗೆ ಸಿಗುತ್ತಿತ್ತು. ಭಾವನಿಗೆ ಗೊತ್ತಾದರೆ? ತರಬೇತಿ ಶಿಬಿರದ ಹಾಸ್ಟೆಲ್. ಅಭ್ಯಾಸಕ್ಕಲ್ಲದೆ ಗೇಟು ತೆರೆಯದ ಜಾಗ. ಹಂದಿಮರಿಗೆ ಬೇರೆ ಯಾರದೋ ಬಾಯಿ.

‘ಅಕ್ಕಾ, ಮಧ್ಯಾಹ್ನದ ಹೊತ್ತು ಈ ಪಟ್ಟಿನ ನೀನು ಕಟ್ಕೊ,’ ಎಂದು ಅಡುಗೆಮನೆಯಲ್ಲಿ ಗೋಗರೆದಳು.

ಅಕ್ಕ ಹಿಂದೆ ಸರಿದಳು. ಮೈಯನ್ನು ಅಳೆಯುವ ಯಾವ ವಸ್ತುವೂ ಅವಳಿಗಾಗದು. ಅಮ್ಮ ನಡೆದುಕೊಂಡೇ ಆಸ್ಪತ್ರೆಯೊಳಗೆ ಹೋಗಿ, ನಡೆದುಕೊಂಡು ಬಾರದ ದಿನದಿಂದ ಬಿಳಿ ಕೋಟು ಕಂಡರೆ ರಸ್ತೆ ದಾಟುವವಳು. ಪಟ್ಟಿ ಮನೆಗೆ ಬಂದ ದಿನ ಭಾವ ತಮಾಷೆಗೆ ಅವಳ ತೋಳಿಗೆ ಹಿಡಿದಾಗ, ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದಳು.

ಗಿರಗಿಟ್ಲೆ ಭಾವನ ಧ್ವನಿ ತೆಗೆದಳು: ‘ಮನುಷ್ಯ ಸುಳ್ಳು ಹೇಳ್ತಾನೆ ಕಣಮ್ಮ, ಬಡಿತ ಹೇಳಲ್ಲ.’

ಅಕ್ಕ ನಕ್ಕಳು, ನಕ್ಕು ಸೋತಳು. ‘ಇದು ಅಳೆಯೋದು ನಿನ್ನನ್ನ ತಾನೆ? ನನ್ನನ್ನಲ್ಲವಲ್ಲ?’

‘ನನ್ನನ್ನೇ, ಅಕ್ಕ.’

ಪಟ್ಟಿ ಅಕ್ಕನ ತುಂಬುತೋಳಿನ ಅಂಗಿಯೊಳಗೆ ಅಡಗಿತು. ಹೃದಯ ಕದ್ದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಎರವಲು ಪಡೆದವಳು ಇವಳೇ ಮೊದಲಿರಬೇಕು.

ಅಂದು ಸಂಜೆ ಭಾವ ಗ್ರಾಫನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಹಿಗ್ಗಿಸಿದರು. ಮತ್ತೆ ಹಿಗ್ಗಿಸಿದರು.

‘ಇವತ್ತು ಓಡಿದ್ಯಾ?’

‘ಓಡ್ದೆ, ಭಾವ.’

ಭಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ ಫೋನನ್ನು ಜೇಬಿಗಿಳಿಸಿದರು. ಎರಡು ದಿನ ಬಿಟ್ಟು ಹೊಸ ಆಜ್ಞೆ ಹೊರಟಿತು: ಮಧ್ಯಾಹ್ನ ಓಟ ಬೇಡ, ಮೈ ಸುಧಾರಿಸಿಕೊಳ್ಳಲಿ. ಮೆಟ್ಟಿಲು ನಿಧಾನವಾಗಿ ಹತ್ತುವುದು, ಕೂರುವುದು, ಎಡಮಗ್ಗುಲಾಗಿ ಮಲಗುವುದು. ಅಷ್ಟೇ.

ಇದು ಓಟದ ತರಬೇತಿಯೋ ಬಾಣಂತನವೋ ಎಂದು ಗಿರಗಿಟ್ಲೆ ಒಳಗೊಳಗೇ ನಕ್ಕಳು. ಅಕ್ಕ ಹೇಗೂ ಬಟ್ಟೆ ಒಣಹಾಕಲು ದಿನಾ ಮಹಡಿ ಹತ್ತುತ್ತಿದ್ದಳು. ಹತ್ತಿ, ಗೋಡೆ ಹಿಡಿದು ನಿಲ್ಲುತ್ತಿದ್ದಳು. ‘ಕಟ್ಟಡಕ್ಕೆ ವಯಸ್ಸಾಯ್ತು. ಮೆಟ್ಟಿಲು ಎತ್ತರ ಆಗಿದೆ,’ ಎನ್ನುತ್ತಿದ್ದಳು.

ಆದರೆ ಕುಣಿಕೆ ಬಿಗಿಯುತ್ತಲೇ ಹೋಯಿತು. ಭಾವ ತೋಳಿನ ಪಟ್ಟಿ ಬಿಚ್ಚಿಸಿ ಎದೆಗೆ ಕಟ್ಟುವ ಬೆಲ್ಟು ತಂದರು. ಇದು ಬಡಿತವನ್ನು ಎಣಿಸುವುದಷ್ಟೇ ಅಲ್ಲ, ಒಂದೊಂದರ ಆಕಾರವನ್ನೂ ಬರೆಯುತ್ತದಂತೆ. ಕಡ್ಡಿಯಂಥ ಗಿರಗಿಟ್ಲೆಯ ಮೈಯಿಂದ ಅದು ಜಾರಿ ಸೊಂಟಕ್ಕೆ ಬಂತು. ಸಿಕ್ಕಿದ್ದೇ ಆ ಅಳತೆ ಎಂದರು ಭಾವ. ಅಕ್ಕನಿಗೆ ಮಾತ್ರ ಹೇಳಿ ಹೊಲಿಸಿದಂತೆ ಕೂತಿತು. ಮಧ್ಯಾಹ್ನ ಭಾವನ ಫೋನೂ ಶುರುವಾಯಿತು: ಹತ್ತಿದ್ಯಾ? ಕೂತ್ಯಾ? ಈಗ ಮಲಗು. ಗಿರಗಿಟ್ಲೆ ಸ್ಟುಡಿಯೊದ ಮೂಲೆಯಲ್ಲಿ ನಿಂತು ಮೆಟ್ಟಿಲು ಹತ್ತಿದ ಏದುಸಿರು ನಟಿಸುವುದು, ಮರುಗಳಿಗೆಯಲ್ಲೇ ಆಜ್ಞೆಯನ್ನು ಅಕ್ಕನಿಗೆ ದಾಟಿಸುವುದು. ಹಂದಿಮರಿಯ ಪಾತ್ರವೇ ಇದಕ್ಕಿಂತ ಸುಲಭವಿತ್ತು.

ಒಂದು ಬೆಳಿಗ್ಗೆ ಭಾವ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

‘ನಡುನಡುವೆ ಬಡಿತ ತಪ್ತಾ ಇದೆ. ಇವತ್ತು ಹೃದಯದ ಡಾಕ್ಟರ ಹತ್ರ ಹೋಗೋಣ, ಮೂವರೂ. ಹೆದರ್ಕೊಂಡು ಮುಂದಕ್ಕೆ ಹಾಕೋ ಹಾಗಿಲ್ಲ.’

ಅಕ್ಕ ನೆಲ ನೋಡಿದಳು. ಚಪ್ಪಲಿ ಮೆಟ್ಟುವಾಗ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದಳು: ನಿನ್ನದು ಕಲ್ಲಿನಂಥ ಎದೆ, ಬಿಟ್ಟು ಕಳಿಸ್ತಾರೆ, ಯಂತ್ರ ಕೆಟ್ಟಿತ್ತು ಅಂದ್ಕೋತಾರೆ. ತಂಗಿಯನ್ನು ಒಬ್ಬಳನ್ನೇ ಬಿಡಲಾರದೆ ಬಂದವಳು, ಕ್ಲಿನಿಕ್ಕಿನಲ್ಲಿ ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಹಿಡಿದಳು.

ಗೋಡೆಗಳು ಬಿಳಿ. ಕಿಟಕಿ ತೆರೆಯುವಂಥದಲ್ಲ. ಬಾಯಿ ಮುಚ್ಚಿಕೊಂಡರೆ ಎಲ್ಲವೂ ಕ್ಷೇಮ ಎಂದು ಗಿರಗಿಟ್ಲೆ ಲೆಕ್ಕ ಹಾಕಿದಳು. ಯಂತ್ರದ ತಪ್ಪು, ಗಟ್ಟಿಮುಟ್ಟಾದ ಎದೆ, ಮಧ್ಯಾಹ್ನಕ್ಕೆ ಸ್ಟುಡಿಯೊ. ಹಂದಿಮರಿ ಬದುಕಿತು.

ಅಕ್ಕ?

‘ಭಾವ, ಆ ಬಡಿತ ನನ್ನದಲ್ಲ. ಅಕ್ಕನದು. ನಾನು ಸ್ಟುಡಿಯೊಗೆ ಹೋಗ್ತಿದ್ದೆ. ಹಾಸ್ಟೆಲಿಗಾದ್ರೂ ಕಳ್ಸಿ, ಮೊದಲು ಅಕ್ಕನ್ನ ತೋರ್ಸಿ.’

ಯಾವ ಪ್ರಾಣಿಯದೂ ಅಲ್ಲದ, ಅವಳದೇ ಧ್ವನಿ.

ಅಕ್ಕ ದಡಕ್ಕನೆ ಎದ್ದಳು. ಹೊರಬಾಗಿಲಿಗೆ ಅಡ್ಡವಾಗಿ ಭಾವ ಆಗಲೇ ನಿಂತಿದ್ದರು. ಮುಖದಲ್ಲಿ ಕೋಪವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

ಒಳಬಾಗಿಲು ತೆರೆದ ಡಾಕ್ಟರು ಗಿರಗಿಟ್ಲೆಯತ್ತ ತಿರುಗಿಯೂ ನೋಡದೆ ಅಕ್ಕನಿಗೆ ಹೇಳಿದರು: ‘ಬನ್ನಿ ಅಮ್ಮ, ಮೆಟ್ಟಿಲು ಹತ್ತಿಸಿ, ಎಡಕ್ಕೆ ಮಲಗಿಸಿ ಅಂತ ನಿಮ್ಮ ಯಜಮಾನರಿಗೆ ಹೇಳಿದ್ದು ನಾನೇ, ಇನ್ನೂ ತಡ ಆಗಿಲ್ಲ.’