ಕೊನೆಯ ಅಧ್ಯಾಯದ ತಕರಾರು

“ಹೊರಗೆ ಹೋಗಿ” ಎಂದು ಏಜೆಂಟ್ ಎರಡು ಸಲ ಹೇಳಿಯಾಗಿತ್ತು. ಹೆಂಗಸು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಮೂರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿದ ಏದುಸಿರು ಇಳಿದ ಮೇಲೆ ಕೈಚೀಲದಿಂದ ವಾರಪತ್ರಿಕೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಅಪ್ಪಳಿಸಿದಳು.

“ಇದನ್ನ ಹಾಕಿಸಿದ್ದು ನೀವೇನಾ?”

ಹಾಕಿಸಿದ್ದು ಏಜೆಂಟೇ: ಮೇಷ್ಟ್ರೊಬ್ಬರ ಹೊಸ ಪುಸ್ತಕದ ಕೊನೆಯ ಅಧ್ಯಾಯ, ಪ್ರಚಾರಕ್ಕೆಂದು. ಬರೆಯುವವರಿಗೂ ಪ್ರಕಾಶಕರಿಗೂ ನಡುವೆ ನಿಂತು ಪುಸ್ತಕವನ್ನು ದಡ ಸೇರಿಸುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಹಸ್ತಪ್ರತಿಯಲ್ಲಿ ಎಲ್ಲಾದರೂ ಸುಳ್ಳಿನ ವಾಸನೆ ಬಡಿದರೆ ಪುಟಗಟ್ಟಲೆ ಕಿತ್ತು ಎಸೆಯುತ್ತಿದ್ದಳಾದ್ದರಿಂದ ಲೇಖಕರೆಲ್ಲ ಬೆನ್ನ ಹಿಂದೆ ಅವಳನ್ನು ‘ಕತ್ತರಿ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಮೇಷ್ಟ್ರ ಹಸ್ತಪ್ರತಿಯಲ್ಲಿ ಮಾತ್ರ ಒಂದು ಸಾಲನ್ನೂ ಮುಟ್ಟಿರಲಿಲ್ಲ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಮನುಷ್ಯ. ಮೊದಲ ಪುಸ್ತಕ. ಕಥೆಯಲ್ಲ, ಕಾದಂಬರಿಯಲ್ಲ, ಸ್ವಂತ ಅನುಭವ: ಕಾಯಿಲೆ ಬಿದ್ದ ಹೆಂಡತಿಯನ್ನು ಹದಿನಾಲ್ಕು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು, ಕೊನೆಗೂ ಕಳೆದುಕೊಂಡದ್ದು. ಅವರಿಗೆ ಏಜೆಂಟ್ ಸಿಕ್ಕಿದ್ದೇ ಒಂದು ಸಾಹಸ. ಒಂಬತ್ತು ಮಂದಿಗೆ ಬರೆದಿದ್ದರು. ಐವರು ‘ಇಂಥದ್ದು ಈಗಾಗಲೇ ಬೇಕಾದಷ್ಟು ಬಂದಿದೆ’ ಎಂದು ವಾಪಸು ಕಳಿಸಿದ್ದರು, ಉಳಿದವರು ಉತ್ತರವನ್ನೇ ಬರೆದಿರಲಿಲ್ಲ. ಹತ್ತನೆಯವಳು ಕತ್ತರಿ. ಓದಿ ಅತ್ತಿದ್ದಳು. “ಪ್ರತಿ ಅಕ್ಷರವೂ ನಿಜ ತಾನೇ?” ಎಂದು ಕೇಳಿದಾಗ ಮೇಷ್ಟ್ರ ಕಣ್ಣು ತುಂಬಿ ಬಂತು. ಅಷ್ಟಾದ ಮೇಲೆ ಇನ್ನೇನು ಕೇಳುವುದು?

ಇವತ್ತು ಹನ್ನೊಂದಕ್ಕೆ ಪ್ರಕಾಶಕರ ಕಚೇರಿಯಲ್ಲಿ ಒಪ್ಪಂದಕ್ಕೆ ಸಹಿ. ಈಗ ಹತ್ತೂಮುಕ್ಕಾಲು.

“ನೀವು ಯಾರು ಅಂತ ನನಗೆ ಗೊತ್ತು,” ಎಂದಳು ಏಜೆಂಟ್.

ಹೆಂಡತಿಗೆ ಒಬ್ಬಳು ಅಕ್ಕ ಇದ್ದಾಳೆ, ಮಹಾ ಜಗಳಗಂಟಿ, ಥೇಟ್ ತಂಗಿಯದೇ ಮುಖ, ಪುಸ್ತಕದ ಸುದ್ದಿ ಕಿವಿಗೆ ಬಿದ್ದರೆ ಬಂದೇ ಬರುತ್ತಾಳೆ ಎಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. ಮೇಷ್ಟ್ರು ತೋರಿಸಿದ್ದ ಫೋಟೋದಲ್ಲಿ ಹೆಂಡತಿಗೆ ಸೊಂಟದವರೆಗೆ ಜಡೆ. ಇವಳದು ಗಂಡಸರ ಹಾಗೆ ಮೋಟು ಕೂದಲು. ಉಳಿದಂತೆ ಅದೇ ಮೂಗು, ಅದೇ ಗದ್ದ.

“ಗೊತ್ತಾ?” ಹೆಂಗಸು ದಂಗಾದಳು. “ಅವನೇ ಹೇಳಿದ್ನಾ?”

“ಎಲ್ಲಾ ಹೇಳಿದಾರೆ. ನೀವು ಬರ್ತೀರಿ ಅಂತಾನೂ.”

“ಗೊತ್ತಿದ್ದೂ ಇದನ್ನ ಅಚ್ಚು ಹಾಕಿಸ್ತಿದೀರಾ?”

“ಗೊತ್ತಿದ್ದೇ.”

ಹೆಂಗಸಿನ ಮುಖ ಕೆಂಡವಾಯಿತು. ಹಾಳೆಯನ್ನು ಎದುರಿನವಳ ಮೂಗಿನ ಹತ್ತಿರ ಹಿಡಿದಳು.

“ಎಂಥಾ ಜನ ರೀ ನೀವು! ಓದಿ ಇಲ್ಲಿ. ದಿನಾ ಹೆಂಡತಿ ಪಾದ ಒತ್ತುತ್ತಾ ಕೂತಿರ್ತಿದ್ನಂತೆ. ಅವನು ಆಸ್ಪತ್ರೆಗೆ ಬಂದಿದ್ದು ಎರಡೇ ಸಲ. ಒಂದು ಸಲ ಸೇರಿಸೋಕೆ. ಇನ್ನೊಂದು ಸಲ ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಕೇಳೋಕೆ. ಆಮೇಲೆ ಊರೇ ಬಿಟ್ಟ. ಫೋನ್ ನಂಬರೂ ಬದಲಾಯ್ತು. ಪಾದ ಒತ್ತಿದ್ದು ಆಯಾ. ಸಂಬಳಕ್ಕಲ್ಲ, ಕರುಣೆಗೆ.”

“ಆಗ ನೀವು ಅಲ್ಲೇ ಇದ್ರಾ?”

“ಇರದೆ ಎಲ್ಲಿಗೆ ಹೋಗ್ಲಿ?”

ಏಜೆಂಟ್‌ಗೆ ರೇಗಿತು. ಇಂಥ ಎಷ್ಟು ಮಂದಿಯನ್ನು ಕಂಡಿರಲಿಲ್ಲ ಅವಳು! ಯಾರಾದರೂ ತಮ್ಮ ಬದುಕಿನ ಬಗ್ಗೆ ನಾಲ್ಕು ಸಾಲು ಬರೆದರೆ ಸಾಕು, ಎಲ್ಲೋ ಇದ್ದ ನೆಂಟರಿಗೆಲ್ಲ ದಿಢೀರನೆ ನೆನಪು ಮರುಕಳಿಸುತ್ತದೆ. ಆ ಮೇಷ್ಟ್ರು ಒಂಬತ್ತು ಬಾಗಿಲು ತಟ್ಟಿ ಬಂದವರು. ಹತ್ತನೆಯದನ್ನೂ ಇವಳು ಮುಚ್ಚಿಸುವುದಾದರೆ ತಾನು ಯಾಕಿರಬೇಕು?

“ನೋಡಿ, ಅವರು ಹೋದವರ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಬರೆದಿಲ್ಲ. ದೇವತೆ ಹಾಗೆ ಚಿತ್ರಿಸಿದಾರೆ.”

“ಅದಕ್ಕೇ ನನ್ನ ಮೈ ಉರಿಯೋದು! ಇದರಲ್ಲಿ ಸಾಯೋಳು ಯಾರು ಅಂತಾನೇ ನನಗೆ ಗುರುತು ಸಿಗಲಿಲ್ಲ. ಕೊನೇ ಅಧ್ಯಾಯದಲ್ಲಿ ಗಂಡನ ಕೈ ಹಿಡ್ಕೊಂಡು, ‘ಕಾಯಿಲೆ ಬಿದ್ದು ನಿಮಗೆ ಕಷ್ಟ ಕೊಟ್ಟೆ, ಕ್ಷಮಿಸಿಬಿಡಿ’ ಅಂತಾಳಂತೆ. ಕ್ಷಮೆ! ಆ ಬಾಯಲ್ಲಿ ಅವನಿಗೆ ಬರೋದು ಬೈಗುಳ ಮಾತ್ರ.”

“ಅವರ ಬಾಯಲ್ಲಿ ಏನು ಬರ್ತಿತ್ತು ಅಂತ ನೀವು ತೀರ್ಮಾನ ಮಾಡೋಕಾಗಲ್ಲ.”

“ನಾನಲ್ಲದೆ ಇನ್ಯಾರ್ರೀ ಮಾಡ್ಬೇಕು?”

ಇನ್ನು ಮಾತು ಬೆಳೆಸಿ ಪ್ರಯೋಜನವಿಲ್ಲ ಎನಿಸಿತು. ಏಜೆಂಟ್ ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಹಿಂದೊಮ್ಮೆ ಯಾರದೋ ಆತ್ಮಕಥೆಯ ಮೇಲೆ ಮನೆಮಂದಿ ರಂಪ ಮಾಡಿದಾಗ ವಕೀಲರು ಮಾಡಿಕೊಟ್ಟಿದ್ದ ತಕರಾರು ಅರ್ಜಿಯ ಖಾಲಿ ನಮೂನೆ.

“ಹೇಳೋದನ್ನೆಲ್ಲ ಇದರಲ್ಲಿ ಬರೆದು ಸಹಿ ಹಾಕಿ. ವಕೀಲರು ನೋಡ್ತಾರೆ.”

ಹೆಂಗಸು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ ಹುಬ್ಬು ಗಂಟಿಕ್ಕಿದಳು. “ಯಾರು ಅಂತ ಗೊತ್ತು ಅಂದ್ರಲ್ಲ. ಮತ್ತೆ ಇದನ್ನೆಲ್ಲ ಯಾಕೆ ಕೇಳ್ತೀರಾ?”

“ಕಾಗದದ ಮೇಲೆ ಇರಲಿ.”

ಬರೆದಳು. ಪೆನ್ನನ್ನು ಮೇಜಿನ ಮೇಲೆ ಎಸೆದು ಎದ್ದಳು. ಬಾಗಿಲ ಹತ್ತಿರ ಗೋಡೆಗೆ ಕೈ ಕೊಟ್ಟು ಒಂದು ಗಳಿಗೆ ನಿಂತು, “ಅವನಿಗಂತೂ ಇಲ್ಲ, ನಿಮಗಾದ್ರೂ ನಾಚಿಕೆ ಆಗ್ಬೇಕಿತ್ತು,” ಎಂದವಳೇ ಹೊರಟುಹೋದಳು.

ಏಜೆಂಟ್ ಕೂಡಲೇ ಪ್ರಕಾಶಕರಿಗೆ ಫೋನ್ ಮಾಡಿದಳು. “ಮೇಷ್ಟ್ರು ಬಂದ್ರಾ? ಸರಿ, ತಡ ಮಾಡ್ಬೇಡಿ, ಸಹಿ ಹಾಕಿಸಿಬಿಡಿ. ಹೂಂ, ಅವರು ಹೇಳಿದ್ದ ಹೆಂಗಸೇ. ಈಗ ತಾನೇ ಕೂಗಾಡಿ ಹೋದ್ಲು. ಏನಿಲ್ಲ ಬಿಡಿ, ಬರೀ ಹೊಟ್ಟೆಕಿಚ್ಚು.”

ಆ ಕಡೆಯಿಂದ ಪ್ರಕಾಶಕರ ನಗು ಕೇಳಿಸಿತು. “ಆಯ್ತು, ಮೇಷ್ಟ್ರು ಸಹಿ ಹಾಕಿದ್ರು,” ಎಂದರು.

ಏಜೆಂಟ್ ಉಸಿರು ಬಿಟ್ಟು, ಅರ್ಜಿಯನ್ನು ತನ್ನತ್ತ ತಿರುಗಿಸಿಕೊಂಡಳು. ‘ಪುಸ್ತಕದಲ್ಲಿ ಬರುವ ಮೃತರು ನಿಮಗೆ ಏನಾಗಬೇಕು?’ ಎಂಬ ಪ್ರಶ್ನೆಯ ಮುಂದೆ, ಕಾಗದ ಹರಿಯುವಷ್ಟು ಒತ್ತಿ ಬರೆದಿತ್ತು:

‘ಸತ್ತವಳು ನಾನೇ.’