ಟ್ರ್ಯಾಕ್ ಹಾಡಿದವಳ ಪಾಲು

ಕ್ಯಾಸೆಟ್ಟಿನ ಒಂದು ತುದಿ ರೇವತಿಯ ಬೆರಳಲ್ಲಿತ್ತು, ಇನ್ನೊಂದು ತುದಿಯನ್ನು ಆಂಜನಮ್ಮ ಬಿಡಲೊಲ್ಲರು. ಹಲಸೂರಿನ ಆ ನಡುಮನೆಯಲ್ಲಿ ವಕೀಲರು ಸಂಗೀತ ನಿರ್ದೇಶಕ ಕೆಂಪರಾಜರ ಉಯಿಲನ್ನು ಆಗಷ್ಟೇ ಓದಿ ಮುಗಿಸಿದ್ದರು. ಮನೆ ಹೆಂಡತಿ ಆಂಜನಮ್ಮನಿಗೆ, ವಾದ್ಯಗಳು ನುಡಿಸಿದವರಿಗೆ, ಈ ಕ್ಯಾಸೆಟ್ ರೇವತಿಗೆ.

“ಪಿಟೀಲಿನೋನಿಗೆ ಪಿಟೀಲು, ನಂಗೆ ತಬಲಾ. ನಿಂಗೆ ಬರೀ ಕ್ಯಾಸೆಟ್ಟಾ ಬೇಟಿ?” ಎಂದು ತಬಲಾ ನುಡಿಸುತ್ತಿದ್ದ ಬಾಷಾ ಭಾಯ್ ನಕ್ಕರು. ರೇವತಿ ನಗಲಿಲ್ಲ. ಹೆಸರಾಂತ ಗಾಯಕಿಯರಿಗೆ ದಾರಿ ತೋರಿಸಲು ಮೊದಲು ಟ್ರ್ಯಾಕ್ ಹಾಡುತ್ತಿದ್ದವಳು ಅವಳು. ಅವರು ಬಂದು ಹಾಡಿದ ಮೇಲೆ ಅವಳ ದನಿಯನ್ನು ಅಳಿಸಿಬಿಡುತ್ತಿದ್ದರು. ಅಳಿಯದೆ ಉಳಿದದ್ದು ಈ ಕ್ಯಾಸೆಟ್ಟಿನಲ್ಲಿರುವ ಹಾಡೊಂದೇ. ಇಪ್ಪತ್ತರ ವಯಸ್ಸಿನ ತನ್ನ ದನಿ ಹೇಗಿತ್ತೆಂದು ಒಮ್ಮೆ ಕೇಳಬೇಕೆಂಬ ಆಸೆಯನ್ನು ಅವಳು ಯಾರೊಡನೆಯೂ ಹೇಳಿಕೊಂಡವಳಲ್ಲ.

“ಕೊಡಲ್ಲ ಅಂತಲ್ಲ ಕಣೇ,” ಎಂದರು ಆಂಜನಮ್ಮ. “ಹಾಡಿಗೆ ಮುಂಚೆ ಅವರು ಒಂದು ಮಾತಾಡಿದಾರೆ. ಅವರ ಟ್ಯೂನು ಊರೆಲ್ಲಾ ಇದೆ, ಮಾತು ಇದರಲ್ಲಿ ಮಾತ್ರ ಇರೋದು. ಅವರು ಹೋದಾಗಿಂದ ದಿನಾ ಕೇಳ್ತಿದೀನಿ. ಒಂದ್ಸಲ ಹಾಕ್ತೀನಿ, ಆಮೇಲೆ ತಗೊಂಡ್ಹೋಗು.”

ಟೇಪ್ ಸುತ್ತತೊಡಗಿತು. “ರೇವತಿ, ಯಾರೂ ಕೇಳಲ್ಲ ಅಂದ್ಕೊಂಡು ಹಾಡ್ಬೇಡ,” ಎಂದಿತು ಆ ಒರಟು ದನಿ. “ನಾನು ಕೇಳ್ತಿದೀನಿ.” ಆಂಜನಮ್ಮ ಕಣ್ಣು ಮುಚ್ಚಿಕೊಂಡರು. ತಂಬೂರಿ ಶುರುವಾಯಿತು. ಇನ್ನೇನು ತನ್ನ ದನಿ ಬರಬೇಕು, ಅಷ್ಟರಲ್ಲಿ ರೇವತಿ ಕೈಚಾಚಿ ಗುಂಡಿ ಒತ್ತಿ, ಟೇಪನ್ನು ಹಿಂದಕ್ಕೆ ತಿರುಗಿಸಿದಳು.

“ಇದು ಇಲ್ಲೇ ಇರ್ಲಿ ಅಮ್ಮ,” ಎಂದಳು. “ಇನ್ನೊಂದ್ಸಲ ಕೇಳಿ.”